ನಾಲ್ಕು ಬೆರಳು ಹೆಚ್ಚಿನ ಕಾರ್ಪೆಟ್ಟು

ಮಗು ಗುಬ್ಬಿಯ ಮುಷ್ಟಿಯೊಳಗೆ ಗುಂಡುಪಿನ್ನು ಸಿಕ್ಕಿದ್ದು ಊಟಕ್ಕೆ ತಟ್ಟೆ ಇಡುವ ಹೊತ್ತಿನಲ್ಲಿ. ಮಗು ಅಂಬೆಗಾಲಿಡಲು ಕಲಿತು ವಾರವಾಗಿರಲಿಲ್ಲ. ನೆಲ ತಣ್ಣಗಿದ್ದುದರಿಂದ ಸ್ವಲ್ಪ ದೂರ ಹೋಗಿ ನಿಂತು, ಅಂಗೈ ಎತ್ತಿ ನೋಡಿಕೊಳ್ಳುವುದು ಅದರ ಅಭ್ಯಾಸ. ಅವತ್ತು ಎತ್ತಿದ ಕೈಯನ್ನು ಬಿಚ್ಚಲಿಲ್ಲ. ಸೊಸೆ ಬೇಳೆಯ ಪಾತ್ರೆ ಕೆಳಗಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಳಿ ತಲೆಯ ಪಿನ್ನು. ರಕ್ತ ಬಂದಿರಲಿಲ್ಲ.

ಅದನ್ನು ತಂದು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು.

"ಅತ್ತೆ, ಇದು ನಿಮ್ಮದು."

ಅತ್ತೆ ಪಿನ್ನು ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿಗೆ ಚುಚ್ಚಿದರು. "ಸಂಜೆ ಗುಡಿಸಿದ್ದೆ ಕಣೇ."

"ಗುಡಿಸಿದ್ರಿ. ಆದ್ರೂ ಸಿಕ್ತಲ್ಲ."

"ದಿನಾ ಕಂಡವರಿಗೆಲ್ಲ ಸೂಜಿ ಚುಚ್ಚಿ ಬರೋಳು ನೀನು. ಒಂದು ಪಿನ್ನಿಗೆ ಇಷ್ಟು ಹೆದರ್ತೀಯಲ್ಲ."

"ಚುಚ್ಚೋಳಾಗಿರೋದಕ್ಕೇ ಹೆದರ್ತೀನಿ."

ಸೊಸೆ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸದವಳು. ಹೆರಿಗೆ ರಜೆ ಮುಗಿದು ಮತ್ತೆ ಕೆಲಸಕ್ಕೆ ಹೋಗಲು ಒಂದೂವರೆ ತಿಂಗಳಿತ್ತು. ಅತ್ತೆ ಹೊಲಿಗೆಯವರು, ಬೀದಿಯಲ್ಲಿ ಎಲ್ಲರಿಗೂ ಟೈಲರಮ್ಮ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅವರ ಮೆಷಿನ್ನು. ಮನೆಯಲ್ಲಿ ಸರಿಯಾಗಿ ಬೆಳಕು ಬೀಳುವ ಜಾಗ ಅದೊಂದೇ. ಮಗು ಓಡಾಡಲು ಜಾಗವಿದ್ದದ್ದೂ ಅದೇ ಕೋಣೆಯಲ್ಲಿ.

"ಕಾರ್ಪೆಟ್ ಹಾಕಿಸಿಬಿಡೋಣ," ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು, ಯಾವ ತಕರಾರಿಗೂ ಏನಾದರೊಂದು ತಂದು ಜೋಡಿಸಿದರೆ ಮುಗಿಯಿತು ಎಂದು ನಂಬಿದವನು. "ಮಗೂಗೆ ಬೆಚ್ಚಗಿರುತ್ತೆ."

"ಕಾರ್ಪೆಟ್ಟಲ್ಲಿ ಪಿನ್ ಬಿದ್ರೆ ಪೊರಕೆಗೂ ಸಿಗಲ್ಲ ರೀ," ಎಂದಳು ಸೊಸೆ.

ಅಷ್ಟು ಹೇಳಿ ಅವಳು ಬೇಳೆ ಬಡಿಸತೊಡಗಿದಳು. ಮುಂದಿನ ಮಾತು ಎಲ್ಲರಿಗೂ ಗೊತ್ತಿತ್ತು. ಕಾರ್ಪೆಟ್ಟು ಬಂದರೆ ಮೆಷಿನ್ನು ಹಿಂದಿನ ಕೋಣೆಗೆ ಹೋಗಬೇಕು. ಹಿಂದಿನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅಲ್ಲಿ ಹಗಲು ಹೊತ್ತಿನಲ್ಲೂ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ.

ಮಾವ ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು. "ಸ್ವಲ್ಪ ಒಳಗೆ ಸರೀರಿ, ಸ್ವಲ್ಪ ಒಳಗೆ ಸರೀರಿ. ಎಲ್ಲರಿಗೂ ಜಾಗ ಇದೆ," ಎಂದರು.

ಯಾರೂ ನಗಲಿಲ್ಲ. ಅವರು ಆಲೂಗಡ್ಡೆ ಪಲ್ಯ ಇನ್ನೊಂದು ಸಲ ಬಡಿಸಿಕೊಂಡರು.

ಮುಂದಿನ ಕೆಲವು ದಿನ ಮನೆಯಲ್ಲಿ ಕಾರ್ಪೆಟ್ಟಿನದೇ ಮಾತು. ಮಗನಿಗೆ ಕೊಳೆ ಕಾಣದಂಥ ಗಾಢ ಬಣ್ಣದ್ದು ಬೇಕಿತ್ತು. ಸೊಸೆಗೆ, ಮಗು ಬಿದ್ದರೂ ನೋಯದಂಥ ದಪ್ಪನೆಯ ಮೆತ್ತನೆಯದು. ಮಾವನಿಗೆ ಸಿನಿಮಾ ಮಂದಿರದಲ್ಲಿ ಹಾಸಿರುತ್ತಾರಲ್ಲ, ಅಂಥ ಕೆಂಪು.

"ಅದ್ರ ಮೇಲೆ ನಡೆದ್ರೆ ಟಿಕೆಟ್ ತಗೊಂಡು ಮನೆಗೆ ಬಂದಂಗಿರುತ್ತೆ."

"ನೀವು ಜನ್ಮದಲ್ಲಿ ಟಿಕೆಟ್ ತಗೊಂಡಿದ್ದೀರಾ? ಕೊಟ್ಟಿದ್ದೇ ಆಯ್ತು," ಎಂದರು ಅತ್ತೆ.

"ನಿಂಗೆ ಎಂಥದ್ದು ಬೇಕು ಹೇಳಮ್ಮ," ಎಂದ ಮಗ.

"ನಂಗೇನು. ಯಾವುದಾದ್ರೂ ತನ್ನಿ."

"ಬಣ್ಣನಾದ್ರೂ ಹೇಳು."

"ನಂಗೇನು ಬಣ್ಣ."

"ಬೆಲೆ?"

"ದುಡಿಯೋರು ನೀವು. ನಂಗೇನು."

ಅತ್ತೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ ಮೇಲೆ ಮಾವ ಸೊಸೆಯ ಕಡೆ ಬಾಗಿದರು. "ಒಂದು 'ನಂಗೇನು' ಅಂದ್ರೆ ಒಪ್ಪಿಗೆ. ಎರಡು ಅಂದ್ರೆ ಬೇಜಾರು. ಮೂರು ಅಂದ್ರೆ, ನಾನಾಗಿದ್ರೆ ಡಿಪೋಗೆ ಹೋಗಿ ಮಲಗ್ತಿದ್ದೆ."

"ನಾನು ಮೆಷಿನ್ ತೆಗೀರಿ ಅಂತ ಹೇಳಿಲ್ಲ ಮಾವ."

"ಹೇಳಿಲ್ಲ, ನಿಜ. ಅವಳೂ ತೆಗೆಯಲ್ಲ ಅಂತ ಹೇಳಿಲ್ಲ."

ಸೊಸೆಗೆ ಮೆಷಿನ್ನಿನ ಮೇಲೆ ಹಗೆಯೇನೂ ಇರಲಿಲ್ಲ. ಆ ಮನೆಯ ಅರ್ಧ ಖರ್ಚು ಎಷ್ಟೋ ವರ್ಷ ಆ ಮೆಷಿನ್ನಿನಿಂದಲೇ ನಡೆದಿತ್ತು ಎನ್ನುವುದು ಅವಳಿಗೆ ತಿಳಿದಿತ್ತು. ಆದರೆ ಒಲೆಯ ಮುಂದೆ ನಿಂತಾಗಲೂ ಅವಳ ಕಿವಿ ಮುಂದಿನ ಕೋಣೆಯಲ್ಲಿರುತ್ತಿತ್ತು. ಮಗು ಸುಮ್ಮನಾದರೆ ಸಾಕು, ಕೈ ಒರೆಸಿಕೊಂಡು ಓಡಿ ಹೋಗಿ ಅದರ ಬಾಯೊಳಗೆ ಬೆರಳು ಹಾಕಿ ನೋಡುತ್ತಿದ್ದಳು. ಅದನ್ನು ಅತ್ತೆ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅತ್ತೆ ತಾವಾಗಿಯೇ ಎದ್ದು, ಟೇಪನ್ನು ಕೊರಳಿಗೆ ಹಾಕಿಕೊಂಡು, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಕೋಣೆಯ ಅಳತೆ ತೆಗೆದರು. ಮಂಡಿಯೂರಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಎದ್ದು ನಿಂತು, ಒಂದು ಗಳಿಗೆ ತಡೆದು ಅಂಕಿ ಹೇಳಿದರು. ಮಾವ ಅಂಗೈ ಮೇಲೆ ಬರೆದುಕೊಂಡರು.

"ಇನ್ನೊಂದ್ಸಲ ಅಳೆಯೋದಾ ಅಮ್ಮ?" ಎಂದ ಮಗ.

ಅತ್ತೆ ತಿರುಗಿ ನೋಡಿದರು ಅಷ್ಟೇ.

"ಬೇಡ, ಬೇಡ," ಎಂದು ಅವನು ಚಪ್ಪಲಿ ಹುಡುಕಲು ಹೋದ.

ಅಂಗಡಿಯವನು ಕುರ್ಚಿ ಹಾಕಿ, ಚಹಾ ತರಿಸಿ, ಸುರುಳಿಗಳನ್ನು ಒಂದರ ಮೇಲೊಂದು ಬಿಚ್ಚಿದ. ಸೊಸೆಯ ಕಣ್ಣು ಕೂಡಲೇ ಒಂದರ ಮೇಲೆ ನಿಂತಿತು. ಮಂಜಿನ ಬಣ್ಣದ್ದು, ಬೆರಳುದ್ದದ ಎಳೆಗಳದ್ದು. ಗುಬ್ಬಿಯನ್ನು ಅದರ ಮೇಲೆ ಬಿಟ್ಟರೆ ಮಗು ಮುಖವಿಟ್ಟು ಮಲಗಿಯೇಬಿಟ್ಟಿತು.

"ಇದು ಮನೆಗೆ ಲಕ್ಷಣ ಮೇಡಂ," ಎಂದ ಅಂಗಡಿಯವನು. "ಕಾಲಿಟ್ರೆ ಮೋಡ."

ಅತ್ತೆ ಕುರ್ಚಿಯಿಂದ ಎದ್ದು ಬಂದರು. ಮಗುವನ್ನು ಎತ್ತಿ ಮಗನ ಕೈಗೆ ಕೊಟ್ಟರು. ಮಣಿಕಟ್ಟಿನ ದಿಂಬಿನಿಂದ ಒಂದು ಹಿಡಿ ಪಿನ್ನು ಕಿತ್ತು, ಸೊಂಟದ ಎತ್ತರದಿಂದ ಕಾರ್ಪೆಟ್ಟಿನ ಮೇಲೆ ಸುರಿದರು.

"ಅಯ್ಯೋ, ಏನ್ ಮಾಡ್ತಿದ್ದೀರಮ್ಮ," ಎಂದ ಅಂಗಡಿಯವನು.

"ಬಟ್ಟೆ ನೋಡ್ತಿದ್ದೀನಿ."

ಅವರು ಕೂತು ಪಿನ್ನುಗಳನ್ನು ಆರಿಸಿದರು. ಒಂದು ಸಿಗಲಿಲ್ಲ. ಎಳೆ ಬಿಡಿಸಿ ನೋಡಿದರೂ ಸಿಗಲಿಲ್ಲ. ಅಂಗಡಿಯವನೂ, ಮಗನೂ, ಸೊಸೆಯೂ ನೆಲಕ್ಕೆ ಕೂತು ಹುಡುಕಿದರು. ಕೊನೆಗೆ ಅದನ್ನು ಪತ್ತೆ ಮಾಡಿದ್ದು ಮಾವನ ಮಂಡಿ.

"ಸಿಕ್ತು," ಎಂದರು ಅವರು, ಮುಖ ಕಿವುಚಿಕೊಂಡು. "ಪ್ರಯಾಣಿಕರು ಒಳಗೇ ಬಂದ್ಬಿಟ್ರು."

ಅತ್ತೆ ಮುಂದಿನ ಸುರುಳಿಗೆ ಹೋದರು. ಮತ್ತೆ ಸುರಿದರು, ಮತ್ತೆ ಆರಿಸಿದರು. ಉಣ್ಣೆಯದು, ಗುಂಗುರು ಎಳೆಯದು, ಹೂವಿನ ಬಳ್ಳಿಯದು. ಹೂವಿನದರಲ್ಲಿ ಪಿನ್ನು ಮೇಲೇ ಇದ್ದರೂ ಬಣ್ಣಗಳ ನಡುವೆ ಕಣ್ಣಿಗೆ ಕಾಣಲಿಲ್ಲ. ಸೊಸೆ ಮೊದಲು ನಾಚಿಕೆಯಿಂದ ಬಾಗಿಲ ಕಡೆ ನೋಡುತ್ತ ನಿಂತಿದ್ದಳು. ಆಮೇಲೆ ಅತ್ತೆ ಏನು ಹುಡುಕುತ್ತಿದ್ದಾರೆ ಎನ್ನುವುದು ಅವಳಿಗೆ ತಿಳಿಯಿತು. ಮಗುವೂ ಇರಬಹುದಾದ, ಮೆಷಿನ್ನೂ ಇರಬಹುದಾದ ಕಾರ್ಪೆಟ್ಟು. ಬಾಯಿಬಿಟ್ಟು ಕೇಳದೆ, ಅಂಗಡಿಯ ನೆಲದ ಮೇಲೆ ಮಂಡಿಯೂರಿ ಕಿಟಕಿಯ ಜಾಗ ಕೇಳುತ್ತಿದ್ದರು.

ಸೊಸೆ ಹೋಗಿ ಅತ್ತೆಯ ಪಕ್ಕ ಕೂತಳು. "ಅದನ್ನ ನೋಡೋಣ ಅತ್ತೆ," ಎಂದು ಮೂಲೆಯಲ್ಲಿದ್ದ ಒಂದನ್ನು ತೋರಿಸಿದಳು. ಗಿಡ್ಡ ಎಳೆಯದು, ಒತ್ತಾಗಿ ನೇಯ್ದದ್ದು, ಒಂದೇ ಬಣ್ಣ, ಹಸಿರಿಗೆ ಸ್ವಲ್ಪ ಬೂದಿ ಬೆರೆಸಿದಂಥದ್ದು. ಅಂಗಡಿಯವನು ಅದನ್ನು ಬಿಚ್ಚಿರಲೇ ಇಲ್ಲ.

ಪಿನ್ನುಗಳು ಅದರ ಮೇಲೆ ಬಿದ್ದು, ಬಿದ್ದಲ್ಲೇ ಮಿನುಗುತ್ತ ಉಳಿದವು. ಅತ್ತೆ ಅಂಗೈ ಆಡಿಸಿದರು. ಎಲ್ಲ ಸಿಕ್ಕಿದವು. ಅವರು ಮೂಲೆ ಮಗುಚಿ ಬೆನ್ನು ನೋಡಿದರು, ಒಂದು ಎಳೆ ಹಿಡಿದು ಜಗ್ಗಿದರು. ಅದು ಬರಲಿಲ್ಲ.

"ಮೋಡದಷ್ಟು ಮೆತ್ತಗಿಲ್ಲ," ಎಂದರು ಸೊಸೆಯ ಮುಖ ನೋಡಿ.

"ಮಗು ನೆಲದ ಮೇಲೆ ತಾನೇ ಓಡಾಡ್ಬೇಕು, ಮೋಡದ ಮೇಲಲ್ಲ."

"ಬೆಲೆ?"

"ಮೋಡಕ್ಕಿಂತ ಕಮ್ಮಿ," ಎಂದ ಅಂಗಡಿಯವನು ಬೇಸರದಿಂದ.

ಮಾವನ ಅಂಗೈ ನೋಡಿ ಅವನು ಅಳತೆ ಬರೆದುಕೊಂಡ. ಕತ್ತರಿಸಿ ಅಂಚು ಕಟ್ಟಿ ಕಳಿಸುತ್ತೇವೆ, ಕತ್ತರಿಸಿದ ಮೇಲೆ ವಾಪಸ್ಸಿಲ್ಲ ಎಂದು ಎರಡು ಸಲ ಹೇಳಿದ. ಅವತ್ತು ಮನೆಗೆ ಬಂದು ಅತ್ತೆ ಎಲ್ಲರಿಗೂ ಮೊಟ್ಟೆ ಹುರಿದು ಕೊಟ್ಟರು, ಕೇಳದೆಯೇ.

ಆದರೆ ಸಂತೋಷ ವಾರ ಉಳಿಯಲಿಲ್ಲ.

ಕಾರ್ಪೆಟ್ಟು ಬಂದ ದಿನ ಮಗ ಮತ್ತು ಗಾಡಿಯವನು ಮೆಷಿನ್ನು ಎತ್ತಿ, ಕಿಟಕಿಯ ಕಡೆಯಿಂದ ಹಾಸಿಕೊಂಡು ಬಂದು, ಮೆಷಿನ್ನನ್ನು ಅದರ ಮೇಲಿಟ್ಟರು. ಬಾಗಿಲ ಹತ್ತಿರ ಬಂದಾಗ ಕಾರ್ಪೆಟ್ಟು ಮುಗಿಯಲಿಲ್ಲ. ಗೋಡೆಗೆ ತಾಗಿ ಮೇಲೆದ್ದು ನಿಂತಿತು. ಪಕ್ಕದ ಗೋಡೆಗೂ ಹಾಗೆಯೇ. ಒಂದು ಕಡೆ ತುಳಿದರೆ ಇನ್ನೊಂದು ಕಡೆ ಹೊಟ್ಟೆಯಂತೆ ಉಬ್ಬಿತು. ಗಾಡಿಯವನು ಟೇಪು ಹಿಡಿದು ನೋಡಿದ. ಅಂಗಡಿಯವರು ಬರೆದುಕೊಂಡ ಅಳತೆಗೆ ಸರಿಯಾಗಿಯೇ ಇತ್ತು. ಕೋಣೆಗೆ ಮಾತ್ರ ಉದ್ದದಲ್ಲಿ ನಾಲ್ಕು ಬೆರಳು, ಅಗಲದಲ್ಲಿ ನಾಲ್ಕು ಬೆರಳು ಹೆಚ್ಚು.

ಅಷ್ಟರಲ್ಲಿ ಬ್ರೆಡ್ಡು ತರಲು ಹೋಗಿದ್ದ ಮಾವ ಹಿಂತಿರುಗಿದರು. ಬಾಗಿಲು ಒಂದು ಗೇಣು ತೆರೆದು ನಿಂತುಬಿಟ್ಟಿತು.

"ಬಸ್ಸು ಫುಲ್ಲಾ?" ಎಂದು ಸಂದಿಯಿಂದ ಕೇಳಿದರು. "ನಾನು ಮುಂದಿನದಕ್ಕೆ ಬರ್ಲಾ?"

"ನಿಮ್ಮ ಕೈ ಮೇಲೆ ತಪ್ಪು ಬರ್ಕೊಂಡ್ರಾ?" ಎಂದು ಮಗ ಒಳಗಿನಿಂದ ಕೇಳಿದ.

"ಅವಳು ಹೇಳಿದ್ದನ್ನೇ ಬರೆದೆ ಕಣೋ."

"ಅವರು ಸರಿಯಾಗೇ ಬರ್ಕೊಂಡ್ರು," ಎಂದರು ಅತ್ತೆ. "ನಾನೇ ಹಾಗೆ ಹೇಳಿದ್ದು." ಟೇಪು ತಂದು ಗೋಡೆಯಿಂದ ಗೋಡೆಗೆ ಹಿಡಿದರು. ಮತ್ತೊಮ್ಮೆ ಹಿಡಿದರು. ಆಮೇಲೆ ಟೇಪನ್ನು ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

"ಬ್ಲೇಡ್ ತಂದು ಕತ್ತರಿಸಿಬಿಡ್ತೀನಿ ಬಿಡಮ್ಮ," ಎಂದ ಮಗ.

"ಕಟ್ಟಿದ ಅಂಚು ಕತ್ತರಿಸಿದ್ರೆ ಎಳೆ ಎಳೆಯಾಗಿ ಬಿಟ್ಕೊಳ್ಳುತ್ತೆ. ಮುಟ್ಟಬೇಡ."

ಮರುದಿನ ಬೆಳಿಗ್ಗೆ ಮೆಷಿನ್ನಿನ ಮೇಲೆ ಹಳೆಯ ಹಾಸು ಹೊದಿಸಿತ್ತು. ಪಿನ್ನಿನ ದಿಂಬು ಅತ್ತೆಯ ಮಣಿಕಟ್ಟಿನಲ್ಲಿರಲಿಲ್ಲ. ಚಹಾ ಕುಡಿಯುತ್ತ ಅವರು ಮಗನಿಗೆ ಹೇಳಿದರು, "ಹಳೇ ಮೆಷಿನ್ ತಗೊಳ್ಳೋರು ಯಾರಾದ್ರೂ ಇದ್ರೆ ಬರ ಹೇಳು."

"ಯಾಕಮ್ಮ, ಇಷ್ಟಕ್ಕೆಲ್ಲ?"

"ನಾಲ್ಕು ಗೋಡೆ ಅಳೆಯೋಕೆ ಆಗದಿರೋಳು ಮನುಷ್ಯರ ಮೈ ಅಳೀತೀನಾ? ನಾಳೆ ಯಾರದೋ ಮದುವೆ ಬಟ್ಟೆ ಹಾಳು ಮಾಡಿದ್ರೆ? ಕೈ ಹೋಯ್ತು. ಹೋದಾಗ ಗೊತ್ತಾಗ್ಬೇಕು. ಗೊತ್ತಾಯ್ತು."

ಮಗ ಹೆಂಡತಿಯ ಕಡೆ ನೋಡಿದ. ಅವಳು ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಏನಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ಆದರೆ ಏನು ಹೇಳಿದರೂ, ಮೆಷಿನ್ನು ಹೋಗಲಿ ಎಂದು ಒಳಗೊಳಗೇ ಇದ್ದವಳು ಈಗ ಉಪಚಾರಕ್ಕೆ ಹೇಳುತ್ತಿದ್ದಾಳೆ ಎಂದು ಕೇಳಿಸಬಹುದು. ಅವಳು ಮಗುವಿನ ಬಾಯಿ ಒರೆಸಿದಳು.

ಆಮೇಲೆ ಎರಡು ವಾರ ಮನೆ ಬಹಳ ಚೊಕ್ಕಟವಾಗಿತ್ತು. ಅತ್ತೆ ದಿನಕ್ಕೆ ಎರಡು ಸಲ ಪಾತ್ರೆ ತಿಕ್ಕಿದರು, ಒಗೆದದ್ದನ್ನೇ ಒಗೆದರು. ಬಟ್ಟೆ ಹಿಡಿದು ಬಂದವರಿಗೆ ಬಾಗಿಲ ಸಂದಿಯಿಂದಲೇ "ಈಗ ಹೊಲೀತಿಲ್ಲ" ಎಂದರು. ಆ ಬಾಗಿಲು ಹೇಗೂ ಒಂದು ಗೇಣಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮನೆಯವರೆಲ್ಲ ಪಕ್ಕಕ್ಕೆ ತಿರುಗಿ, ಹೊಟ್ಟೆ ಎಳೆದುಕೊಂಡು ಓಡಾಡಿದರು. ಗುಬ್ಬಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಕಾರ್ಪೆಟ್ಟಿನ ಉಬ್ಬನ್ನು ಹತ್ತಿ ಇಳಿದು ಕೇಕೆ ಹಾಕುತ್ತಿತ್ತು. ನೆಲದ ಮೇಲೆ ಒಂದು ಪಿನ್ನೂ ಇರಲಿಲ್ಲ. ಸೊಸೆ ಬಯಸಿದ್ದೆಲ್ಲ ಆಗಿತ್ತು, ಆದರೂ ಹೋಗುತ್ತ ಬರುತ್ತ ಅವಳ ಕಣ್ಣು ಮೆಷಿನ್ನಿನ ಮೇಲಿನ ಹಾಸಿನ ಕಡೆಗೇ ಹೋಗುತ್ತಿತ್ತು.

"ಸದ್ದೇ ಇಲ್ವಲ್ಲಮ್ಮ ಮನೇಲಿ," ಎಂದರು ಮಾವ ಒಂದು ಮಧ್ಯಾಹ್ನ. "ಆ ಮೆಷಿನ್ ಸದ್ದಿಗೆ ನಾನು ನಿದ್ದೆ ಮಾಡೋನು. ಈಗ ನಿದ್ದೇನೂ ಬರಲ್ಲ."

"ನೀವೇ ಹೇಳಿ ಮಾವ, ಅವರಿಗೆ."

"ನಾನಾ? ನನ್ನ ಖಾಕಿ ಪ್ಯಾಂಟನ್ನ ಮೂರು ಸಲ ಹಿಗ್ಗಿಸಿದೋಳು ಅವಳು. ಹೊಸ ಪ್ಯಾಂಟು ತಗೊಳ್ಳೋ ಹಂಗೇ ಇರ್ಲಿಲ್ಲ. ಅವಳ ಮುಂದೆ ನಿಂತು ಮಾತಾಡೋಕೆ ನಂಗೆ ಉಸಿರೆಲ್ಲಿ?"

ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂತು. ಸೊಸೆ ಕಪಾಟಿನಿಂದ ಆಸ್ಪತ್ರೆಯ ನೀಲಿ ಕೋಟು ತೆಗೆದು ಹಾಕಿಕೊಂಡಳು. ಗುಂಡಿ ಕೂಡಲಿಲ್ಲ. ಉಸಿರು ಬಿಗಿಹಿಡಿದರೂ ಕೂಡಲಿಲ್ಲ. ಬೇರೆ ಕಾಲದಲ್ಲಾಗಿದ್ದರೆ ಅದನ್ನು ಮೆಷಿನ್ನಿನ ಮೇಲಿಟ್ಟು ಬಂದಿದ್ದರೆ ಸಾಕಿತ್ತು. ಈಗ ಅಡುಗೆಮನೆಯಲ್ಲಿ ಕೂತು, ಬ್ಲೇಡು ಹಿಡಿದು, ತಾನೇ ಪಕ್ಕದ ಹೊಲಿಗೆ ಬಿಚ್ಚಲು ನೋಡಿದಳು.

ಹೊಲಿಗೆ ಬಿಚ್ಚಿಕೊಂಡಂತೆ ಒಳಗಿನಿಂದ ಬಟ್ಟೆ ಬಂತು. ಬಿಸಿಲು ಕಾಣದ, ಹೊಸದರಂತೆಯೇ ಇದ್ದ ಗಾಢ ನೀಲಿ. ಕೋಟು ಹೊಲಿದುಕೊಟ್ಟಾಗ ಅವಳು ಮದುವೆಯಾಗಿ ಬಂದ ಹೊಸತು. "ಇಷ್ಟೊಂದು ಬಟ್ಟೆ ಯಾಕೆ ಒಳಗೆ, ಚುಚ್ಚುತ್ತೆ ಅತ್ತೆ," ಎಂದಿದ್ದಳು. "ಇರ್ಲಿ ಬಿಡು, ಮನುಷ್ಯರು ಒಂದೇ ಅಳತೆಗೆ ಇರ್ತಾರಾ," ಎಂದಿದ್ದರು ಅವರು. ಈಗ ಸೊಸೆ ಆ ಒಳಬಟ್ಟೆಯ ಮೇಲೆ ಬೆರಳಿಟ್ಟು ನೋಡಿದಳು. ಈ ಪಕ್ಕಕ್ಕೆ ಎರಡು ಬೆರಳು. ಆ ಪಕ್ಕಕ್ಕೆ ಎರಡು ಬೆರಳು.

ಅವಳು ಕೋಟನ್ನು ಹಿಡಿದುಕೊಂಡೇ ಮುಂದಿನ ಕೋಣೆಗೆ ಬಂದು, ಬಾಗಿಲ ಬಳಿ ಮೇಲೆದ್ದ ಕಾರ್ಪೆಟ್ಟಿಗೆ ಬೆರಳಿಟ್ಟಳು. ಸರಿಯಾಗಿ ನಾಲ್ಕು.

ಅದೇ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಸಂದಿಯಲ್ಲಿ ಅರ್ಧ ಮುಖ ಕಂಡಿತು.

"ಮೆಷಿನ್ ಕೊಡ್ತೀರಂತಲ್ಲ, ನೋಡೋಕೆ ಬಂದೆ."

"ಇಲ್ಲ," ಎಂದಳು ಸೊಸೆ. "ಕೊಡೋದಿಲ್ಲ."

"ಫೋನ್ ಮಾಡಿದ್ರಲ್ಲ?"

"ತಪ್ಪಾಯ್ತು. ನಿಮಗೆ ಸುಮ್ನೆ ತೊಂದರೆ ಆಯ್ತು. ಮೆಷಿನ್ನಿಗೆ ಕೆಲಸ ಇದೆ."

ಒಳಗಿನಿಂದ ಅತ್ತೆ ಒದ್ದೆ ಕೈಯಲ್ಲೇ ಬಂದರು. "ಯಾರೇ ಅದು? ಅವರನ್ನ ಯಾಕೆ ಕಳಿಸ್ತಿದ್ದೀಯ?"

ಸೊಸೆ ಕೋಟನ್ನು ಅವರ ಮುಂದೆ ಹಿಡಿದಳು. ಬಿಚ್ಚಿದ ಪಕ್ಕ ಮೇಲಾಗಿತ್ತು. "ಅತ್ತೆ, ಇದಕ್ಕೆ ಒಳಗೆ ಎಷ್ಟು ಬಿಟ್ಟಿದ್ರಿ?"

"ಅಯ್ಯೋ, ಬ್ಲೇಡಲ್ಲಿ ಹೀಗಾ ಬಿಚ್ಚೋದು? ಬಟ್ಟೆ ಕುಯ್ದುಬಿಟ್ಟಿದ್ದೀಯಲ್ಲೇ."

"ಎಷ್ಟು ಬಿಟ್ಟಿದ್ರಿ, ಹೇಳಿ."

"ಯಾವಾಗ್ಲೂ ಬಿಡೋದೇ. ಆ ಕಡೆ ಎರಡು, ಈ ಕಡೆ ಎರಡು."

"ಕಾರ್ಪೆಟ್ಟಿಗೆ?"

ಅತ್ತೆ ಕೋಟು ನೋಡಿದರು, ಬಾಗಿಲು ನೋಡಿದರು. ನಿಧಾನವಾಗಿ ಬಗ್ಗಿ, ಕಾರ್ಪೆಟ್ಟಿನ ಅಂಚಿಗೆ ತಮ್ಮ ಬೆರಳಿಟ್ಟರು.

"ಕೈ ಹೋಗಿಲ್ಲ ಅತ್ತೆ. ಅಳತೆ ಸರಿಯಾಗೇ ತೆಗೆದ್ರಿ. ಆಮೇಲೆ ಎಲ್ಲರಿಗೂ ಬಿಡೋ ಹಾಗೆ ಗೋಡೆಗಳಿಗೂ ಒಳಗೆ ಬಿಟ್ರಿ, ಅಷ್ಟೇ."

"ಕೋಣೆ ದಪ್ಪ ಆಗುತ್ತೆ ಅಂತ," ಎಂದರು ಕುರ್ಚಿಯಲ್ಲಿದ್ದ ಮಾವ.

ಅತ್ತೆಯ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ಸೊಸೆ ಹತ್ತಿರ ಹೋದಳು. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಮುಂದಿನ ವಾರ ನಾನು ಕೆಲಸಕ್ಕೆ ಹೋಗ್ಬೇಕು," ಎಂದಳು ಸೊಸೆ. "ಈ ಕೋಟು ನೀವೇ ಮಾಡಿಕೊಡ್ಬೇಕು. ನನ್ನ ಕೈಲಿ ಹಾಳಾಗ್ತಿದೆ."

ಅತ್ತೆ ಕೋಟು ತೆಗೆದುಕೊಂಡು ಮೆಷಿನ್ನಿನ ಬಳಿ ಹೋದರು. ಹಾಸು ತೆಗೆಯಲು ಕೈ ಎತ್ತಿ ನಿಲ್ಲಿಸಿದರು. "ಮಗು?"

"ಅದಕ್ಕೇನು ಮಾಡೋದು ಅಂತ ನಂಗೂ ಗೊತ್ತಿಲ್ಲ. ಇಬ್ಬರೂ ಸೇರಿ ಯೋಚನೆ ಮಾಡೋಣ."

ಅತ್ತೆ ಕಾರ್ಪೆಟ್ಟನ್ನು ಸ್ವಲ್ಪ ಹೊತ್ತು ನೋಡಿದರು, ಅಳತೆಗೆ ಬಂದು ನಿಂತವರನ್ನು ನೋಡುವ ಹಾಗೆ. "ಕತ್ತರಿಸೋದು ಯಾಕೆ," ಎಂದರು. "ಮಡಚಿ ಹೊಲಿದ್ರಾಯ್ತು."

ಸಂಜೆ ಮಗ ಬಂದ ಮೇಲೆ ಮೆಷಿನ್ನು ಎತ್ತಿದರು. ಬಾಗಿಲ ಕಡೆಯ ಅಂಚನ್ನು ಸರಿಯಾದ ಜಾಗಕ್ಕೆ ಎಳೆದು, ಕಿಟಕಿಯ ಕಡೆಯಲ್ಲಿ ಕಾರ್ಪೆಟ್ಟನ್ನು ಒಂದು ಮೊಳಕ್ಕಿಂತ ಹೆಚ್ಚಾಗಿ ಒಳಕ್ಕೆ ಮಡಚಿದರು. ಕಿಟಕಿಯ ಕೆಳಗೆ ಬರಿ ನೆಲ ತೆರೆದುಕೊಂಡಿತು. ಮೆಷಿನ್ನು ಅಲ್ಲಿ ಕೂತಿತು. ಮಡಿಕೆ ಅದರ ಮುಂದೆ ಸಣ್ಣ ಒಡ್ಡಿನಂತೆ ನಿಂತಿತು. ಮೆಷಿನ್ನಿನಿಂದ ಬಿದ್ದ ಪಿನ್ನು ಉರುಳಿದರೆ ಅಲ್ಲಿಗೆ ಬಂದು ನಿಲ್ಲಬೇಕು. ಪಕ್ಕದ ಗೋಡೆಯ ಕಡೆಯೂ ನಾಲ್ಕು ಬೆರಳು ಮಡಚಿದರು. ಮೂಲೆಯಲ್ಲಿ ಮಡಿಕೆಯ ಮೇಲೆ ಮಡಿಕೆ ಬಿದ್ದು ಉಬ್ಬಿತು. ಅದು ಅಷ್ಟೇನೂ ಅಂದವಾಗಿ ಕಾಣಲಿಲ್ಲ. ಬೀರುವನ್ನು ತಂದು ಅದರ ಮೇಲೆ ಕೂರಿಸಿದರು.

ದಪ್ಪ ಸೂಜಿಯಲ್ಲಿ ಅತ್ತೆ ಒಂದು ತುದಿಯಿಂದ ಹೊಲಿಯುತ್ತ ಬಂದರು, ಸೊಸೆ ಮಡಿಕೆ ಹಿಡಿದುಕೊಂಡು ಅವರ ಮುಂದೆ ಮುಂದೆ ಸರಿದಳು.

"ಸಡಿಲ ಹೊಲಿಗೆ ಹಾಕಿದ್ದೀನಿ," ಎಂದರು ಅತ್ತೆ. "ನೀವು ದೊಡ್ಡ ಮನೆಗೆ ಹೋದಾಗ ಬಿಚ್ಕೊಳ್ಳಬಹುದು."

"ನಾವು ಅಂದ್ರೆ? ನೀವು ಬರಲ್ವಾ?"

"ನಂಗೇನು," ಎಂದರು ಅತ್ತೆ. ಒಂದೇ ಸಲ. ಮಾವ ಬೆರಳೆತ್ತಿ ಸೊಸೆಗೆ ತೋರಿಸಿದರು.

ಮಗ ತನ್ನ ವರ್ಕ್‌ಶಾಪಿನಿಂದ ಒಂದು ದೊಡ್ಡ ಅಯಸ್ಕಾಂತ ತಂದ. ಅದಕ್ಕೆ ಹಗ್ಗ ಕಟ್ಟಿ ಮಾವನ ಕೈಗೆ ಕೊಟ್ಟ. ಅಂದಿನಿಂದ ಪ್ರತಿ ಸಂಜೆ, ಹೊಲಿಗೆ ನಿಂತ ಮೇಲೆ, ಗುಬ್ಬಿಯನ್ನು ನೆಲಕ್ಕೆ ಬಿಡುವ ಮೊದಲು, ಮಾವ ಅದನ್ನು ಕೋಣೆಯ ತುಂಬ ಎಳೆದುಕೊಂಡು ಓಡಾಡುವುದು ರೂಢಿಯಾಯಿತು. "ಟಿಕೆಟ್, ಟಿಕೆಟ್. ಇನ್ಯಾರು ಟಿಕೆಟ್ ತಗೊಂಡಿಲ್ಲ?" ಅಯಸ್ಕಾಂತ ಮಗುಚಿ ಸೊಸೆಗೆ ತೋರಿಸಿದ ಮೇಲೆಯೇ ಮಗು ನೆಲಕ್ಕಿಳಿಯುವುದು. ಒಂದೊಂದು ದಿನ ಮಡಿಕೆಯ ಆಚೆ ಒಂದೆರಡು ಪಿನ್ನು ಸಿಗುತ್ತಿದ್ದವು. ಈಚೆ ಸಿಗುತ್ತಿರಲಿಲ್ಲ. ಆದರೂ ಸೊಸೆ ತಾನೂ ಒಮ್ಮೆ ಅಂಗೈ ಆಡಿಸಿ ನೋಡುತ್ತಿದ್ದಳು. ಅದನ್ನು ಕಂಡು ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಅವರೂ ಹಾಗೆಯೇ ಅಂಗೈ ಆಡಿಸಿ ನೋಡುತ್ತಿದ್ದರು.

ಕೆಲಸಕ್ಕೆ ಹೋಗುವ ದಿನ ಸೊಸೆ ಕೋಟು ಹಾಕಿಕೊಂಡಳು. ಗುಂಡಿ ಸುಲಭವಾಗಿ ಕೂತಿತು. ಎರಡೂ ಪಕ್ಕದಲ್ಲಿ ಹೊಸ ನೀಲಿಯ ಒಂದೊಂದು ಪಟ್ಟಿ ಕಾಣುತ್ತಿತ್ತು.

"ಒಗೆದು ಒಗೆದು ಸರಿಹೋಗುತ್ತೆ," ಎಂದರು ಅತ್ತೆ.

"ಕಂಡ್ರೂ ಪರವಾಗಿಲ್ಲ ಅತ್ತೆ."

ಅವಳು ಚಪ್ಪಲಿ ಮೆಟ್ಟುವಾಗ ಗುಬ್ಬಿ ಕಾರ್ಪೆಟ್ಟಿನ ಉದ್ದಕ್ಕೂ ಅಂಬೆಗಾಲಿಟ್ಟು ಹೋಗಿ, ಮಡಿಕೆಗೆ ಎದೆಯಾನಿಸಿ, ಮೆಷಿನ್ನಿನ ಕಡೆ ಕೈಚಾಚಿತು. ಅತ್ತೆ ಇನ್ನೂ ಹೊಲಿಗೆ ಶುರು ಮಾಡಿರಲಿಲ್ಲ; ಅದನ್ನು ತೊಡೆಯ ಮೇಲೆತ್ತಿಕೊಂಡು, ಕೊರಳಿನ ಟೇಪನ್ನು ಅದರ ಎದೆಯ ಸುತ್ತ ಹಿಡಿದರು.

"ಒಂದು ಅಂಗಿ ಹೊಲೀತೀನಿ ಇದಕ್ಕೆ," ಎಂದರು. "ಅಳತೆಗೆ ಸರಿಯಾಗಿ ಹೊಲೀಲಾ?"

ಸೊಸೆ ಬಾಗಿಲನ್ನು ಪೂರ್ತಿಯಾಗಿ ತೆರೆದಳು.

"ಬೇಡ," ಎಂದಳು. "ನೀವು ಯಾವಾಗ್ಲೂ ಬಿಡೋ ಹಾಗೆ ಬಿಡಿ."